ಐರ್ಲೆಂಡ್‌ನವರು ಮನೆಯಲ್ಲಿ ನಿಜವಾಗಿ ಏನು ತಿನ್ನುತ್ತಾರೆ?

ಐರ್ಲೆಂಡ್‌ನ ಸಾಂಪ್ರದಾಯಿಕ ಊಟ ಕಾರ್ನ್ಡ್ ಬೀಫ್ (ಉಪ್ಪು ಹಾಕಿಟ್ಟ ದನದ ಮಾಂಸ) ಮತ್ತು ಎಲೆಕೋಸು ಅಂತ ಓದಿದ್ದೀರಿ, ಅದು ನಿಜವಾ, ಅಲ್ಲಿನ ಜನ ದಿನಾ ತಿನ್ನೋದು ಅದನ್ನೇನಾ ಅಂತ ಕೇಳಿದ್ದೀರಿ. ನಾನು ಐರ್ಲೆಂಡ್‌ನ ದಕ್ಷಿಣದ ಕಾರ್ಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಒಂದು ಸಣ್ಣ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್‌ನಲ್ಲಿ ಎಂಟು ವರ್ಷದಿಂದ ನರ್ಸ್ ಆಗಿದ್ದೇನೆ. ಎಂಬತ್ತು, ತೊಂಬತ್ತು ವರ್ಷದವರ ತಟ್ಟೆಗೆ ಏನು ಬರುತ್ತದೆ, ಅದರಲ್ಲಿ ಯಾವುದು ಖಾಲಿಯಾಗುತ್ತದೆ, ಯಾವುದು ಹಾಗೇ ವಾಪಸ್ ಹೋಗುತ್ತದೆ ಅಂತ ದಿನಾ ನೋಡುತ್ತೇನೆ. ನೋಡಿದ್ದನ್ನೇ ಹೇಳುತ್ತೇನೆ.

ಕಾರ್ನ್ಡ್ ಬೀಫ್ ಹೆಚ್ಚಾಗಿ ಅಮೆರಿಕದ ಐರಿಷ್ ಜನರ ಊಟ. ಇಲ್ಲಿಯದು ಬೇಕನ್ ಮತ್ತು ಎಲೆಕೋಸು. ಬೇಕನ್ ಅಂದರೆ ತೆಳ್ಳಗಿನ ಪಟ್ಟಿ ಅಂದುಕೊಳ್ಳಬೇಡಿ, ಆ ಪಟ್ಟಿಗೆ ಇಲ್ಲಿ ರಾಶರ್ ಅನ್ನುತ್ತಾರೆ. ಬೇಕನ್ ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಂದಿ ಮಾಂಸದ ದೊಡ್ಡ ತುಂಡು. ಅದನ್ನು ಇಡಿಯಾಗಿ ಬೇಯಿಸುತ್ತಾರೆ, ಆ ನೀರಿನಲ್ಲೇ ಕೋಸನ್ನೂ ಬೇಯಿಸುತ್ತಾರೆ. ಪಕ್ಕದಲ್ಲಿ ಆಲೂಗಡ್ಡೆ, ಮೇಲೆ ಪಾರ್ಸ್ಲಿ ಹಾಕಿದ ಬಿಳಿ ಸಾಸ್. ಈ ಊಟ ಇರುವ ದಿನ ನಮ್ಮಲ್ಲಿ ತಟ್ಟೆಗಳು ಖಾಲಿಯಾಗಿಯೇ ವಾಪಸ್ ಬರುತ್ತವೆ.

ಬೀಫ್‌ನ ಕಥೆ ಕೇಳಿದರೆ ಬೇಸರ ಆಗುತ್ತದೆ. 17, 18ನೇ ಶತಮಾನದಲ್ಲಿ ಇದೇ ಕಾರ್ಕ್ ಬಂದರಿನಿಂದ ಉಪ್ಪು ಹಾಕಿದ ದನದ ಮಾಂಸ ಪೀಪಾಯಿಗಟ್ಟಲೆ ಬ್ರಿಟಿಷ್ ನೌಕಾಪಡೆಗೆ, ಕೆರಿಬಿಯನ್ ದ್ವೀಪಗಳಿಗೆ ಹೋಗುತ್ತಿತ್ತು. ಇಲ್ಲಿನ ಬಡವರಿಗೆ ಅದು ಸಿಗುತ್ತಿರಲಿಲ್ಲ. ಹಸು ಹಾಲಿಗೆ, ಬೆಣ್ಣೆಗೆ. ಮನೆಯ ಮಾಂಸ ಅಂದರೆ ಹಂದಿ. ಮುಂದೆ ನ್ಯೂಯಾರ್ಕ್ ಸೇರಿದ ಐರಿಷ್ ಜನಕ್ಕೆ ಅಲ್ಲಿನ ಯಹೂದಿಗಳ ಮಾಂಸದ ಅಂಗಡಿಗಳಲ್ಲಿ ಉಪ್ಪು ಹಾಕಿದ ಬೀಫ್ ಕಡಿಮೆ ಬೆಲೆಗೆ ಸಿಕ್ಕಿತು. ಬೇಕನ್ ಜಾಗಕ್ಕೆ ಅದು ಬಂತು. ಆದರೂ ಕಾರ್ಕ್‌ನಲ್ಲಿ ಕ್ರಿಸ್ಮಸ್‌ಗೆ ಮಸಾಲೆ ಹಾಕಿದ ಬೀಫ್ ಮಾಡುವ ರೂಢಿ ಇವತ್ತಿಗೂ ಉಂಟು.

ಇವರು ಯಾವಾಗಲೂ ಆಲೂಗಡ್ಡೆ ತಿನ್ನುತ್ತಾರೆ ಅಂತ ಕೇಳಿರುತ್ತೀರಿ, ಅದು ಮಾತ್ರ ನಿಜ, ಕೇಳಿದ್ದಕ್ಕಿಂತ ಜಾಸ್ತಿಯೇ ನಿಜ. ನಮ್ಮ ಅಡುಗೆಮನೆಯಲ್ಲಿ ಭಾನುವಾರ ಒಂದೇ ತಟ್ಟೆಯಲ್ಲಿ ಹುರಿದ ಆಲೂಗಡ್ಡೆಯೂ ಇರುತ್ತದೆ, ಬೇಯಿಸಿ ಹಿಸುಕಿದ ಆಲೂಗಡ್ಡೆಯೂ ಇರುತ್ತದೆ. ಹಳಬರಿಗೆ ಬೇಕಾದದ್ದು ಬೇಯಿಸಿದರೆ ಸಿಪ್ಪೆ ತಾನೇ ಬಿರಿದು ಒಳಗೆ ಹಿಟ್ಟುಹಿಟ್ಟಾಗಿ ಉದುರುವ ಆಲೂಗಡ್ಡೆ. ನಾವು ಯಾವ ಅಕ್ಕಿ ಉದುರುದುರಾಗುತ್ತದೆ ಅಂತ ಮಾತಾಡುವ ಹಾಗೆ ಇವರು ಆಲೂಗಡ್ಡೆಯ ತಳಿಗಳಲ್ಲಿ ಕೆರ್ಸ್ ಪಿಂಕ್ ಒಳ್ಳೆಯದಾ ರೂಸ್ಟರ್ ಒಳ್ಳೆಯದಾ ಅಂತ ಮಾತಾಡುತ್ತಾರೆ. ನಮ್ಮಲ್ಲಿದ್ದ ಒಬ್ಬ ಅಜ್ಜಿ ವಾರಗಟ್ಟಲೆ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಪಾಸ್ತಾ ಕೊಟ್ಟರೆ ತಟ್ಟೆ ದೂರ ಸರಿಸುತ್ತಿದ್ದರು. ಜೂನ್‌ನಲ್ಲಿ ಅವರ ಮಗ ಹೊಸ ಆಲೂಗಡ್ಡೆ ತಂದುಕೊಟ್ಟರು. ಅಡುಗೆಯವರು ಸಿಪ್ಪೆ ಸಮೇತ ಬೇಯಿಸಿ, ಮೇಲೆ ಬೆಣ್ಣೆ, ಉಪ್ಪು ಹಾಕಿ ಕೊಟ್ಟರು. ಅಜ್ಜಿ ತಾವೇ ಚಾಕು ಹಿಡಿದು ಸಿಪ್ಪೆ ಬಿಡಿಸಿಕೊಂಡು ನಾಲ್ಕು ತಿಂದರು. ಆ ದಿನ ನನಗೆ ಆದ ಸಮಾಧಾನ ಇಷ್ಟು ಅಂತ ಹೇಳಕ್ಕಾಗಲ್ಲ.

ಅದಕ್ಕೇ ಇವರ ಆಲೂಗಡ್ಡೆ ಬಗ್ಗೆ ಯಾರಾದರೂ ತಮಾಷೆ ಮಾಡಿದರೆ ನನಗೆ ನೋವಾಗುತ್ತದೆ. 1845ರಲ್ಲಿ ಬೆಳೆಗೆ ರೋಗ ಬಿತ್ತು. ಬಡವರು ಬೆಳೆಯುತ್ತಿದ್ದದ್ದು ಹೆಚ್ಚಾಗಿ ಲಂಪರ್ ಅನ್ನುವ ಒಂದೇ ತಳಿ, ಅದು ಹೊಲದಲ್ಲೇ ಕೊಳೆತುಹೋಯಿತು. ಸುಮಾರು 10 ಲಕ್ಷ ಜನ ಹಸಿವಿನಿಂದ, ಕಾಯಿಲೆಯಿಂದ ಸತ್ತರು, ಅಷ್ಟೇ ಜನ ಅಥವಾ ಇನ್ನೂ ಜಾಸ್ತಿ ಹಡಗು ಹತ್ತಿದರು. ಆಗಲೂ ಇಲ್ಲಿಂದ ಧಾನ್ಯ, ಬೆಣ್ಣೆ ಹೊರಗೆ ಹೋಗುತ್ತಲೇ ಇತ್ತು. 1841ರಲ್ಲಿ ಇಡೀ ದ್ವೀಪದಲ್ಲಿ 81 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಇವತ್ತಿಗೂ ಆ ಸಂಖ್ಯೆ ಮುಟ್ಟಿಲ್ಲ.

ಆಲೂಗಡ್ಡೆ ಬಂದದ್ದು 16ನೇ ಶತಮಾನದ ಕೊನೆಗೆ. ಅದಕ್ಕೂ ಮುಂಚೆ ಇವರ ಊಟ ಹಾಲು, ಮೊಸರು, ಬೆಣ್ಣೆ, ಓಟ್ಸ್. ನಿಜವಾದ ಹಳೆಯ ಐರಿಷ್ ಊಟ ಅಂತ ನನ್ನನ್ನು ಕೇಳಿದರೆ ನಾನು ತೋರಿಸೋದು ಇದನ್ನೇ. ಜವುಗು ನೆಲ ಅಗೆಯುವಾಗ ಸಾವಿರಾರು ವರ್ಷದ ಹಿಂದೆ ಹೂತಿಟ್ಟ ಬೆಣ್ಣೆಯ ಮುದ್ದೆಗಳು ಸಿಕ್ಕಿವೆ. ಕಾರ್ಕ್‌ನಲ್ಲಿ 1770ರಲ್ಲಿ ಶುರುವಾದ ಬೆಣ್ಣೆ ಮಾರುಕಟ್ಟೆ ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು, ಈಗ ಅಲ್ಲಿ ಬೆಣ್ಣೆಯ ಮ್ಯೂಸಿಯಂ ಇದೆ. ಇಲ್ಲಿನ ಬೆಣ್ಣೆ ಹುಲ್ಲು ಮೇಯ್ದ ಹಸುವಿನದು, ಹಳದಿ ಬಣ್ಣ, ಉಪ್ಪು ಹಾಕಿರುತ್ತಾರೆ. ಬ್ರೆಡ್ಡಿಗೆ ಅದನ್ನು ಸವರುವುದಿಲ್ಲ, ದಪ್ಪಗೆ ಇಡುತ್ತಾರೆ.

ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆಯಿಂದ ಸೋಡಾ ಬ್ರೆಡ್. ಇಲ್ಲಿನ ಗೋಧಿ ಮೃದು, ಹಿಟ್ಟಿಗೆ ಜಿಗುಟು ಕಡಿಮೆ, ಯೀಸ್ಟ್ ಹಾಕಿದರೆ ಚೆನ್ನಾಗಿ ಉಬ್ಬಲ್ಲ. 19ನೇ ಶತಮಾನದಲ್ಲಿ ಅಡುಗೆ ಸೋಡಾ ಬಂದ ಮೇಲೆ ದಾರಿ ಸಿಕ್ಕಿತು: ಮಜ್ಜಿಗೆಯ ಹುಳಿಗೆ ಸೋಡಾ ಸೇರಿದ ಕೂಡಲೇ ಹಿಟ್ಟು ಉಬ್ಬುತ್ತದೆ, ನಾದುವುದೂ ಬೇಡ, ಕಾಯುವುದೂ ಬೇಡ. ಓವನ್ ಇಲ್ಲದ ಮನೆಗಳಲ್ಲಿ ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಿ ಸುಡುತ್ತಿದ್ದರು. ಅದೇ ಮಜ್ಜಿಗೆ ಈಗ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತದೆ, ನಾನು ತಂದು ಮಜ್ಜಿಗೆಹುಳಿ ಮಾಡುತ್ತೇನೆ. ಗಟ್ಟಿ ಇರುತ್ತದೆ, ಸ್ವಲ್ಪ ನೀರು ಬೆರೆಸಬೇಕು, ಅಷ್ಟೇ.

ಇನ್ನು ವಯಸ್ಸಿನ ಹುಡುಗರು, ಕೆಲಸಕ್ಕೆ ಹೋಗುವವರು. ನನ್ನ ಜೊತೆ ಕೆಲಸ ಮಾಡುವವರು ಮಧ್ಯಾಹ್ನ ಪೆಟ್ರೋಲ್ ಬಂಕಿನ ಅಂಗಡಿಯಿಂದ ಚಿಕನ್ ಫಿಲೆಟ್ ರೋಲ್ ತರುತ್ತಾರೆ, ಉದ್ದನೆಯ ಬ್ರೆಡ್ಡಿನೊಳಗೆ ಗರಿಗರಿ ಚಿಕನ್. ಶುಕ್ರವಾರ ರಾತ್ರಿ ಸ್ಪೈಸ್ ಬ್ಯಾಗ್: ಉದ್ದಕ್ಕೆ ಹೆಚ್ಚಿ ಕರಿದ ಆಲೂಗಡ್ಡೆ (ಫ್ರೆಂಚ್ ಫ್ರೈಸ್ ಥರದ್ದು), ಕರಿದ ಚಿಕನ್, ಮೆಣಸಿನಕಾಯಿ, ಈರುಳ್ಳಿ, ಮಸಾಲೆ ಎಲ್ಲಾ ಒಂದೇ ಚೀಲದಲ್ಲಿ ಕುಲುಕಿ ಕೊಡುತ್ತಾರೆ. 2010ರ ಆಸುಪಾಸಿನಲ್ಲಿ ಡಬ್ಲಿನ್‌ನ ಚೀನೀ ಟೇಕ್‌ಅವೇಯಲ್ಲಿ ಹುಟ್ಟಿದ್ದು, ನನ್ನ ಪ್ರಕಾರ ಇದೂ ಅಪ್ಪಟ ಐರಿಷ್ ಊಟವೇ. ಬೆಣ್ಣೆ ಹಚ್ಚಿದ ಬಿಳಿ ಬ್ರೆಡ್ಡಿನ ನಡುವೆ ಟೇಟೋ ಅನ್ನುವ ಕಂಪನಿಯ ಪ್ಯಾಕೆಟ್ ಚಿಪ್ಸ್ ಇಟ್ಟು ತಿನ್ನುವುದೂ ಅಷ್ಟೇ ಸಾಮಾನ್ಯ. ಮನೆಯಲ್ಲಿ ವಾರದ ದಿನ ಪಾಸ್ತಾ, ಕರಿ, ಸ್ಟರ್ ಫ್ರೈ ಎಲ್ಲಾ ಮಾಡುತ್ತಾರೆ. ಸ್ಟ್ಯೂ, ಡಬ್ಲಿನ್‌ನವರ ಕಾಡಲ್ (ಸಾಸೇಜ್, ರಾಶರ್, ಆಲೂಗಡ್ಡೆ ಒಟ್ಟಿಗೆ ಬೇಯಿಸಿದ್ದು), ಇವು ಚಳಿಗಾಲದಲ್ಲಿ ಆಗೀಗ. ರಾಶರ್, ಸಾಸೇಜ್, ಪುಡಿಂಗ್, ಮೊಟ್ಟೆ ಇರುವ ದೊಡ್ಡ ತಿಂಡಿ ಹೆಚ್ಚಿನವರಿಗೆ ವಾರಾಂತ್ಯಕ್ಕೆ. ಚಹಾ ಮಾತ್ರ ಎಲ್ಲರಿಗೂ, ಎಲ್ಲಾ ಹೊತ್ತಿಗೂ, ಕಡು ಬಣ್ಣ, ಮೇಲೆ ಹಾಲು.

ನೀವು ಸಸ್ಯಾಹಾರಿನಾ ಅಂತ ಗೊತ್ತಿಲ್ಲ. ಆಗಿದ್ದರೂ ತೊಂದರೆ ಇಲ್ಲ, ಆದರೆ ಬ್ಲ್ಯಾಕ್ ಪುಡಿಂಗ್ ಅನ್ನುವ ಹೆಸರು ನೋಡಿ ಸಿಹಿ ಅಂದುಕೊಳ್ಳಬೇಡಿ, ಅದರಲ್ಲಿ ಹಂದಿಯ ರಕ್ತ ಇರುತ್ತದೆ. ಕಾಲ್‌ಕ್ಯಾನನ್ ಕೇಳಿ: ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಕೇಲ್ ಸೊಪ್ಪು ಅಥವಾ ಕೋಸು, ಹಾಲು, ಬೆಣ್ಣೆ. ಕೇಲ್, ಕೋಸಿನ ಬದಲು ಈರುಳ್ಳಿ ಸೊಪ್ಪು ಹಾಕಿದರೆ ಅದು ಚಾಂಪ್. ಲೀಟ್ರಿಮ್, ಕ್ಯಾವನ್ ಕಡೆ ಹೋದರೆ ಬಾಕ್ಸ್ಟಿ ಸಿಗುತ್ತದೆ, ಹಸಿ ಆಲೂಗಡ್ಡೆ ತುರಿದು, ಬೇಯಿಸಿದ್ದನ್ನೂ ಸೇರಿಸಿ ಹೆಂಚಿನ ಮೇಲೆ ಹಾಕುವ ದೋಸೆಯ ಥರದ್ದು. ಬೇಕನ್ ಹಾಕಿಲ್ಲ ತಾನೇ ಅಂತ ಮಾತ್ರ ಎಲ್ಲಾ ಕಡೆ ಕೇಳಿಕೊಳ್ಳಿ. ಜೂನ್‌ನಲ್ಲಿ ಬರುವುದಾದರೆ ಹಳ್ಳಿ ರಸ್ತೆ ಬದಿಯಲ್ಲಿ ಹೊಸ ಆಲೂಗಡ್ಡೆ ಮಾರುವ ಬೋರ್ಡು ಕಂಡರೆ ಗಾಡಿ ನಿಲ್ಲಿಸಿ. ಬೆಣ್ಣೆ ಒಂದು ಪ್ಯಾಕ್ ಸಾಕು.