ಹಳೇ ಡಬ್ಬಾ ಟಿವಿಗೆ ಅಷ್ಟು ದೊಡ್ಡ ಬೆನ್ನು ಯಾಕಿತ್ತು?

ಆ ಬೆನ್ನೊಳಗೆ ಇದ್ದದ್ದು ಒಂದು ಬಂದೂಕು. ತಮಾಷೆಯಲ್ಲ, ಅದರ ಹೆಸರೇ ಎಲೆಕ್ಟ್ರಾನ್ ಗನ್. ಗಾಳಿ ತೆಗೆದ ಗಾಜಿನ ಬುರುಡೆಯ ಕತ್ತಿನಲ್ಲಿ ಪುಟ್ಟ ಲೋಹದ ತುದಿಯೊಂದು ಕೆಂಪಗೆ ಕಾದು ಎಲೆಕ್ಟ್ರಾನ್‌ಗಳನ್ನು ಉಗುಳುತ್ತದೆ. ಬಣ್ಣದ ಟಿವಿಯಲ್ಲಾದರೆ ಸುಮಾರು 25,000 ವೋಲ್ಟ್ ಅವನ್ನು ಪರದೆಯತ್ತ ಸೆಳೆಯುತ್ತದೆ. ಪರದೆಯ ಒಳಮೈಗೆ ಬಳಿದ ಹೊಳೆಯುವ ಪುಡಿ, ಅಂದರೆ ಫಾಸ್ಫರ್‌ಗೆ ಅವು ಬಡಿದ ಕಡೆ ಬೆಳಕಿನ ಚುಕ್ಕೆ. ಕತ್ತಿನ ಸುತ್ತಲಿನ ತಾಮ್ರದ ಸುರುಳಿಗಳು ಆ ಎಲೆಕ್ಟ್ರಾನ್ ಕಿರಣವನ್ನು ಬಾಗಿಸಿ ಗೆರೆ ಗೆರೆಯಾಗಿ ಓಡಿಸುತ್ತವೆ. ಆಗ ನಮ್ಮ ದೂರದರ್ಶನದ ಲೆಕ್ಕ ಹೀಗಿತ್ತು: ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಕಿರಣ ಪರದೆಯ ಮೂಲೆ ಮೂಲೆಗೂ ಮುಟ್ಟಬೇಕಾದರೆ ಒಂದಿಷ್ಟು ದೂರ ಬೇಕಲ್ಲ, ಅದಕ್ಕೇ ಆ ಬೆನ್ನು.

ಇದರ ಮೂಲ ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಮಾಡಿದ ಕೊಳವೆ. ಅವರಿಗೆ ಬೇಕಿದ್ದದ್ದು ಟಿವಿಯಲ್ಲ, ವಿದ್ಯುತ್ತಿನ ಏರಿಳಿತವನ್ನು ಕಣ್ಣಾರೆ ನೋಡುವ ದಾರಿ.

ಚಿಕ್ಕಂದಿನಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ವಾರ್ತೆ ಓದುವವರ ಮುಖ ಹಸಿರು ಮಾಡಿ ಅಪ್ಪನಿಂದ ಬೈಸಿಕೊಂಡಿದ್ದೇನೆ. ಕಿರಣ ದಾರಿ ತಪ್ಪಿ ಬೇರೆ ಬಣ್ಣದ ಚುಕ್ಕೆಗೆ ಬೀಳುತ್ತದೆ, ಅಷ್ಟೇ.

ಅಂದಹಾಗೆ, ಅಷ್ಟು ವೇಗದ ಎಲೆಕ್ಟ್ರಾನ್ ಬಡಿದಾಗ ಒಂಚೂರು ಎಕ್ಸ್-ರೇ ಕೂಡ ಹುಟ್ಟುತ್ತದೆ. ಅದನ್ನು ತಡೆಯಲು ಬುರುಡೆಯ ಗಾಜಿಗೆ ಸೀಸ ಬೆರೆಸುತ್ತಿದ್ದರು. ಮನೆ ಬದಲಿಸುವಾಗ ಟಿವಿ ಎತ್ತೋಕೆ ಇಬ್ಬರು ಬೇಕಾಗುತ್ತಿದ್ದುದು ಆ ದಪ್ಪ ಗಾಜಿನಿಂದಲೇ.