ನೊಣದ ರೆಕ್ಕೆಯಲ್ಲಿ ಗುಳ್ಳೆ ಎದ್ದರೆ

ಪ್ರಶ್ನೆ: ಕೋಶಗಳನ್ನು ಅಂಟಿಸಿ ಹಿಡಿಯುವ ಜೀನ್‌ಗಳನ್ನು ಹಣ್ಣುನೊಣದ ರೆಕ್ಕೆ ನೋಡಿ ಪತ್ತೆ ಮಾಡಿದರು ಎಂದು ತರಗತಿಯಲ್ಲಿ ಹೇಳಿದರು. ಅಂಥ ಜೀನ್ ಕೆಟ್ಟರೆ ನೊಣ ಮೊಟ್ಟೆಯಲ್ಲೇ ಸಾಯಬೇಕಲ್ಲವೇ? ಈ ಪ್ರಯೋಗ ನಮ್ಮ ಕಾಲೇಜಿನಲ್ಲಿ ಮಾಡಬಹುದೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ನಿಮ್ಮ ಅನುಮಾನ ಸರಿ, ಸಾಯುತ್ತದೆ. ಇಂಟೆಗ್ರಿನ್ ಎಂಬ ಅಂಟು ಪ್ರೋಟೀನಿನ ಒಂದು ಭಾಗವನ್ನು ಕೊಡುವ ಮಯೋಸ್ಫೆರಾಯ್ಡ್ ಜೀನಿನ ಎರಡೂ ಪ್ರತಿ ಕೆಟ್ಟರೆ ಭ್ರೂಣದ ಸ್ನಾಯುಗಳು ಹಿಡಿತ ಕಳಚಿ ಉಂಡೆಗಟ್ಟುತ್ತವೆ. ಆದರೆ ಭ್ರೂಣ ಸಾಯಲು ನೂರೆಂಟು ಕಾರಣ. ಸತ್ತದ್ದನ್ನು ನೋಡಿ ಅಂಟಿನ ಜೀನ್ ಇದೇ ಎನ್ನುವುದು ಹೇಗೆ?

ಅದಕ್ಕೇ ರೆಕ್ಕೆ ಬೇಕಾಯಿತು. ಅದು ಒಂದಕ್ಕೊಂದು ಅಂಟಿದ ಎರಡು ಕೋಶಪದರ. ಪ್ಯೂಪಾದಿಂದ ಹೊರಬಂದ ನೊಣ ರೆಕ್ಕೆಯೊಳಕ್ಕೆ ದ್ರವ ನೂಕಿ ಅದನ್ನು ಬಿಚ್ಚುತ್ತದೆ. ಅಂಟು ಸಡಿಲವಿದ್ದ ಕಡೆ ಪದರಗಳು ಬೇರ್ಪಟ್ಟು ಪೂರಿಯ ಹಾಗೆ ಉಬ್ಬುತ್ತವೆ. ರೆಕ್ಕೆ ಕೆಟ್ಟರೂ ಸೀಸೆಯೊಳಗಿನ ನೊಣ ಬದುಕಿರುತ್ತದೆ.

ಉಳಿದ ಮೈಯನ್ನು ಉಳಿಸುವ ಕೆಲಸ ಯೀಸ್ಟ್‌ನಿಂದ ತಂದ ಫ್ಲಿಪ್ಪೇಸ್ ಕಿಣ್ವದ್ದು. ಗಂಡು ನೊಣಗಳಿಗೆ ಸಕ್ಕರೆ ನೀರಿನಲ್ಲಿ ಜೀನ್‌ಗಳನ್ನು ಕೆಡಿಸುವ ಇಎಂಎಸ್ ಎಂಬ ರಾಸಾಯನಿಕ ಕುಡಿಸಿ, ರೆಕ್ಕೆಯಲ್ಲಿ ಈ ಕಿಣ್ವ ತಯಾರಾಗುವ ತಳಿಯ ಹೆಣ್ಣುಗಳೊಡನೆ ಬಿಡುತ್ತಾರೆ. ಮರಿಗಳ ಮೈಕೋಶಗಳಲ್ಲಿ ಒಂದು ಪ್ರತಿ ಕೆಟ್ಟದ್ದು, ಒಂದು ಒಳ್ಳೆಯದು. ಬೆಳೆಯುವ ರೆಕ್ಕೆಯಲ್ಲಿ ಮಾತ್ರ ಕಿಣ್ವವು ಜೋಡಿ ವರ್ಣತಂತುಗಳ ತೋಳುಗಳನ್ನು ಅದಲುಬದಲು ಮಾಡುತ್ತದೆ. ಕೆಲವು ಕೋಶಗಳ ಪಾಲಿಗೆ ಎರಡೂ ಕೆಟ್ಟ ಪ್ರತಿಗಳೇ ಬರುತ್ತವೆ. ಗುಳ್ಳೆ ಮೊದಲ ಪೀಳಿಗೆಯಲ್ಲೇ ಕಾಣುತ್ತದೆ. ಒಂದು ಸಲಕ್ಕೆ ಒಂದು ತೋಳನ್ನಷ್ಟೇ ಜಾಲಾಡಬಹುದು ಎಂಬುದೊಂದು ಮಿತಿ.

ನನ್ನನ್ನು ಕೇಳಿದರೆ ಗುಳ್ಳೆ ಹುಡುಕುವುದು ಸುಲಭದ ಭಾಗ. ಕೋಶಗಳು ಬೇರೆ ಕಾರಣಕ್ಕೆ ಸತ್ತರೂ ರೆಕ್ಕೆ ಹಾಳಾಗಬಹುದು. ಸಿಕ್ಕ ತಳಿಗಳನ್ನು ಪರಸ್ಪರ ಕೂಡಿಸಿ, ಎರಡು ತಳಿಗಳಲ್ಲಿ ಕೆಟ್ಟಿರುವುದು ಒಂದೇ ಜೀನೋ ಬೇರೆಯೋ ಎಂದು ವಿಂಗಡಿಸಬೇಕು. ಆಮೇಲೆ ಆ ಜೀನ್ ಯಾವುದೆಂದು ಕಂಡುಹಿಡಿಯಬೇಕು. 1990ರ ದಶಕದಲ್ಲಿ ಹೀಗೆ ಸಿಕ್ಕ ರಿಯಾ ಎಂಬ ಜೀನ್ ಟ್ಯಾಲಿನ್ ಪ್ರೋಟೀನಿನದೆಂದು ಪ್ರಕಟವಾದದ್ದು 2002ರಲ್ಲಿ. ಇಂಟೆಗ್ರಿನನ್ನು ಕೋಶದೊಳಗಿನ ಆಕ್ಟಿನ್ ಎಳೆಗಳಿಗೆ ಕಟ್ಟುವುದು ಟ್ಯಾಲಿನ್.

ಈಗ ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರದಿಂದ ಮನುಷ್ಯರ ಸುಮಾರು 20,000 ಜೀನ್‌ಗಳನ್ನು ಒಂದೊಂದು ಕೋಶದಲ್ಲಿ ಒಂದೊಂದರಂತೆ ಕೆಡಿಸಿ, ತಟ್ಟೆಗೆ ಅಂಟಿದ್ದನ್ನೂ ತೇಲಿದ್ದನ್ನೂ ಬೇರ್ಪಡಿಸುತ್ತಾರೆ. ಸತ್ತ ಕೋಶವೂ ತೇಲುತ್ತದೆ ಎಂಬ ತಲೆನೋವು ಅಲ್ಲೂ ತಪ್ಪಿಲ್ಲ.

ಕಾಲೇಜಿನಲ್ಲಿ ಇಎಂಎಸ್ ಖಂಡಿತ ಬೇಡ, ಅದು ಕ್ಯಾನ್ಸರ್ ತರಬಲ್ಲದು. ಮೊದಲು ನೊಣ ಸಾಕಲು ಕಲಿಯಿರಿ: ರವೆ, ಬೆಲ್ಲ, ಅಗರ್, ಬೂಸ್ಟು ಹಿಡಿಯದಂತೆ ತುಸು ಪ್ರೊಪಿಯಾನಿಕ್ ಆಮ್ಲ ಸಾಕು. ತಳಿಗಾಗಿ ನಿಮ್ಮ ಅಧ್ಯಾಪಕರ ಮೂಲಕ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಡ್ರೊಸೊಫಿಲಾ (ಹಣ್ಣುನೊಣ) ತಳಿ ಕೇಂದ್ರಕ್ಕೆ ಬರೆಯಿರಿ. ಗುಳ್ಳೆಯನ್ನೇ ನೋಡಬೇಕೆಂದರೆ, ರೆಕ್ಕೆಯಲ್ಲಿ ಮಾತ್ರ ಇಂಟೆಗ್ರಿನ್ ಅಡಗಿಸುವ ಆರ್‌ಎನ್‌ಎಐ (ಜೀನಿನ ಸಂದೇಶವನ್ನು ಅಳಿಸುವ ತಂತ್ರ) ತಳಿಗಳ ದಾರಿಯಿದೆ. ಅವು ಕುಲಾಂತರಿಗಳಾದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆದೇ ತರಿಸಿ.