ಸಣ್ಣ ಕಾರ್ಖಾನೆಯ ಬೆಂಕಿ ವಿಮೆಗೆ ಬ್ರೋಕರ್ ಬೇಕಾ? ಹುಡುಕೋದು ಹೇಗೆ?

ಪೀಣ್ಯದಲ್ಲಿ ಗಾರ್ಮೆಂಟ್ಸ್ ಶುರು ಮಾಡಿದ್ದೀರಿ, ಬೆಂಕಿ ವಿಮೆಗೆ ಏಜೆಂಟ್ ಸಾಕಾ, ಬ್ರೋಕರ್ ಬೇಕಾ ಅಂತ ಕೇಳಿದ್ದೀರಿ. ನನ್ನದು ದಾವಣಗೆರೆಯಲ್ಲಿ ಆಫ್‌ಸೆಟ್ ಪ್ರೆಸ್. ಈ ವಿಷಯದಲ್ಲಿ ಕೈ ಸುಟ್ಟುಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ.

2019ರಲ್ಲಿ ನಮ್ಮ ಗೋಡೌನಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ 6 ಲಕ್ಷದ ಪೇಪರ್ ಸುಟ್ಟುಹೋಯಿತು. ಸ್ಟಾಕಿಗೆ 20 ಲಕ್ಷದ ವಿಮೆ ಇತ್ತು. ಪೂರ್ತಿ ಬರುತ್ತೆ ಬಿಡು ಅಂದುಕೊಂಡೆ. ನಷ್ಟ ಎಷ್ಟು ಅಂತ ಲೆಕ್ಕ ಹಾಕುವ ಸರ್ವೇಯರ್ ಬಂದು ಸ್ಟಾಕ್ ಪುಸ್ತಕ ತೆಗೆಸಿದರು. ಆ ದಿನ ಗೋಡೌನಿನಲ್ಲಿದ್ದ ಮಾಲು 40 ಲಕ್ಷದ್ದು! ಅರ್ಧಕ್ಕೆ ವಿಮೆ ಮಾಡಿಸಿದವನಿಗೆ ನಷ್ಟದಲ್ಲೂ ಅರ್ಧವೇ. ವಿಮೆಯವರು ಇದನ್ನು ‘ಆವರೇಜ್’ ಅಂತಾರೆ. 3 ಲಕ್ಷಕ್ಕಿಂತ ಜಾಸ್ತಿ ಬರಲಿಲ್ಲ.

ತಮಾಷೆ ಏನಂದ್ರೆ, ಆ ಪಾಲಿಸಿ ಮಾಡಿಸಿದ್ದವರೂ ಬ್ರೋಕರೇ. ಐದು ವರ್ಷ ಫೋನಿನಲ್ಲೇ ರಿನ್ಯೂ ಮಾಡಿಸಿದರು, ಒಮ್ಮೆಯೂ ಪ್ರೆಸ್ಸಿಗೆ ಕಾಲಿಡಲಿಲ್ಲ. ಶಾಲೆ ಶುರುವಾಗುವ ಮುಂಚೆ ನೋಟ್‌ಬುಕ್ ಸೀಸನ್ನಿನಲ್ಲಿ ನಮ್ಮ ಸ್ಟಾಕ್ ಎರಡು ಪಟ್ಟಾಗುತ್ತದೆ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಏಜೆಂಟ್ ಕಂಪನಿಯ ಕಡೆಯವನು, ಬ್ರೋಕರ್ ನಿಮ್ಮ ಕಡೆಯವನು. ಕಾನೂನು ಹೇಳೋದು ಹೀಗೆ. ಆದರೆ ಇಬ್ಬರಿಗೂ ಕಮಿಷನ್ ಕೊಡೋದು ಕಂಪನಿಯೇ, ಅದು ನೆನಪಿರಲಿ. ಒಂದು ಅಂಗಡಿ, ಒಂದು ಪಾಲಿಸಿ ಅಂದರೆ ಒಳ್ಳೆ ಏಜೆಂಟ್ ಸಾಕು. ಯಂತ್ರ, ಬಟ್ಟೆ ಸ್ಟಾಕ್, ಜಾಬ್‌ವರ್ಕಿಗೆ ಬಂದ ಬೇರೆಯವರ ಮಾಲು ಎಲ್ಲ ಇದ್ದರೆ ನಾನಂತೂ ಬ್ರೋಕರ್ ಹತ್ತಿರವೇ ಹೋಗುತ್ತೇನೆ.

ಹುಡುಕೋದು ಕಷ್ಟವಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ ವೆಬ್‌ಸೈಟಿನಲ್ಲಿ ಬ್ರೋಕರ್‌ಗಳ ಪಟ್ಟಿ ಇದೆ. ಲೈಸೆನ್ಸ್ ಈಗಲೂ ಚಾಲ್ತಿಯಲ್ಲಿದೆಯಾ ನೋಡಿ. ಆಮೇಲೆ ನಿಮ್ಮ ಏರಿಯಾದಲ್ಲಿ ಕ್ಲೇಮ್ ಆದವರನ್ನು ವಿಚಾರಿಸಿ. ಪಾಲಿಸಿ ತಗೊಂಡವರನ್ನಲ್ಲ, ಕ್ಲೇಮ್ ಆದವರನ್ನು. ನನಗೆ ಈಗಿನ ಬ್ರೋಕರ್ ಸಿಕ್ಕಿದ್ದು ಪಕ್ಕದ ರೈಸ್ ಮಿಲ್ಲಿನವರಿಂದ. ಮೊದಲ ದಿನವೇ ಬಂದು ಎರಡು ಗಂಟೆ ಸುತ್ತಾಡಿದರು. ವೈರಿಂಗ್ ಎಷ್ಟು ಹಳೇದು, ಯಾವ ತಿಂಗಳು ಮಾಲು ಜಾಸ್ತಿ, ಇಂಥದೇ ಯಂತ್ರ ಹೊಸದಾಗಿ ತಗೊಂಡರೆ ಇವತ್ತು ಎಷ್ಟಾಗುತ್ತೆ ಅಂತ ಕೇಳಿ ಕೇಳಿ ತಲೆ ತಿಂದರು. ಅಲ್ಲಿಗೇ ಒಪ್ಪಿಕೊಂಡೆ.

ಒಪ್ಪಿದ ಮೇಲೆ ಮ್ಯಾಂಡೇಟ್ ಪತ್ರ, ಅಂದರೆ ಇವರೇ ನನ್ನ ಬ್ರೋಕರ್ ಅನ್ನೋ ಒಪ್ಪಿಗೆ ಪತ್ರ, ಕೊಡಬೇಕು. ಯಾವ ಪಾಲಿಸಿಗೆ, ಎಷ್ಟು ದಿನಕ್ಕೆ ಅಂತ ಅದರಲ್ಲೇ ಬರೆಯಿರಿ, ಸುಮ್ನೆ ಖಾಲಿ ಲೆಟರ್‌ಹೆಡ್ಡಿಗೆ ಸಹಿ ಹಾಕಬೇಡಿ. ಮೂರು ಕಂಪನಿಗಳ ಕೊಟೇಶನ್ ಬರಹದಲ್ಲಿ ಕೇಳಿ. ಪ್ರೀಮಿಯಂ ಚೆಕ್ ವಿಮಾ ಕಂಪನಿಯ ಹೆಸರಿಗೇ ಇರಲಿ. ಕಮಿಷನ್ನಿನಲ್ಲಿ ನಿಮಗೂ ಪಾಲು ಕೊಡ್ತೀನಿ ಅನ್ನುವವರನ್ನು ದೂರ ಇಡಿ, ಅದು ಕಾನೂನಿಗೆ ವಿರುದ್ಧ.

ಒಟ್ಟು ಆಸ್ತಿ 5 ಕೋಟಿಯೊಳಗಿದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಅನ್ನೋ ಪಾಲಿಸಿ ಬಗ್ಗೆ ಕೇಳಿ. 2021ರ ಏಪ್ರಿಲ್‌ನಿಂದ ಇದೆ. ವಿಮೆಯ ಮೊತ್ತ ಶೇ 15ರವರೆಗೆ ಕಡಿಮೆಯಿದ್ದರೂ ಇದರಲ್ಲಿ ಆವರೇಜ್ ಹಾಕುವುದಿಲ್ಲ. ನನ್ನಂತೆ ಅರ್ಧಕ್ಕರ್ಧ ಕಡಿಮೆಯಿದ್ದರೆ ಇದೂ ಕಾಪಾಡಲ್ಲ ಅನ್ನಿ.

ಇನ್ನೊಂದು ಕೇಳಿಯೇ ಬನ್ನಿ: “ಸರ್ವೇಯರ್ ಬಂದ ದಿನ ನಿಮ್ಮಿಂದ ಯಾರು ಬಂದು ನನ್ನ ಜೊತೆ ನಿಲ್ಲುತ್ತಾರೆ?” ಹೆಸರು ಹೇಳದೆ ಕಾಲ್‌ಸೆಂಟರ್ ನಂಬರ್ ಕೊಟ್ಟರೆ, ಕಾಫಿ ಕುಡಿದು ಎದ್ದು ಬನ್ನಿ.